ಲಿಮಿಟ್ ಹಾಕಿಕೊಂಡು ಆಡುವವರಿಗೆ ಈ ಕ್ಯಾಸಿನೊ ಸೈಟು ಹೇಗೆ?

ಆನ್‌ಲೈನ್ ಕ್ಯಾಸಿನೊಗಳ ವಿಮರ್ಶೆ ಯಾವುದನ್ನೇ ಓದಿ, ಎಲ್ಲದರಲ್ಲೂ ಅದೇ ಮಾತು. ಎಷ್ಟು ಸ್ಲಾಟ್ (ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ, ಒಂದು ಸಾಲಿನಲ್ಲಿ ಹೊಂದಿ ನಿಂತರೆ ದುಡ್ಡು ಬರುವ ಆಟ) ಇವೆ, ಸೇರಿದ ಕೂಡಲೇ ಎಷ್ಟು ಬೋನಸ್, ಆ್ಯಪ್ ನೋಡಲು ಎಷ್ಟು ಚೆಂದ. ನನಗೆ ಅದರಿಂದ ಏನೂ ಉಪಯೋಗ ಆಗಿಲ್ಲ. ಸ್ಲಾಟ್ ತಯಾರಿಸುವ ಕಂಪನಿಗಳೇ ಬೇರೆ ಇರುತ್ತವೆ. ಅವರು ಒಂದೇ ಆಟವನ್ನು ಹತ್ತಾರು ಸೈಟುಗಳಿಗೆ ಕೊಡುತ್ತಾರೆ. ಹಾಗಾಗಿ ಸೈಟಿಗೂ ಸೈಟಿಗೂ ನಿಜವಾದ ವ್ಯತ್ಯಾಸ ಕಾಣುವುದು ಸೆಟ್ಟಿಂಗ್ಸ್ ಪುಟದಲ್ಲಿ. ಲಿಮಿಟ್ ಹಾಕುವುದು ಎಷ್ಟು ಸುಲಭ? ದುಡ್ಡು ಹೊರಗೆ ತೆಗೆಯುವುದು ಎಷ್ಟು ಸುಲಭ? ಸಾಕು ಅನ್ನಿಸಿದಾಗ ಸೈಟು ಬಿಟ್ಟುಕೊಡುತ್ತದೋ, ಸೆರಗು ಹಿಡಿದು ಎಳೆಯುತ್ತದೋ? ಕೆಲವು ತಿಂಗಳಿಂದ ಆಡುತ್ತಿರುವ ಒಂದು ಸೈಟನ್ನು ಈ ಲೆಕ್ಕದಲ್ಲಿ ನೋಡಿದ್ದೇನೆ. ಹೆಸರು ಬೇಡ. ನೀವು ಆಡುವ ಸೈಟಿನಲ್ಲೂ ಇವೇ ಜಾಗಗಳನ್ನು ತೆರೆದು ನೋಡಿ, ಹೆಚ್ಚುಕಡಿಮೆ ಇದೇ ಕಥೆ ಇರುತ್ತದೆ.

ದುಡ್ಡಿಟ್ಟು ಆಡುವುದನ್ನು ಕಾನೂನು ಒಪ್ಪದ ಕಡೆ ಈ ಮಾತೇ ಬೇಡ. ಒಪ್ಪುವ ಕಡೆಯೂ ಕೊನೆಗೆ ಲಾಭ ಸೈಟಿನದ್ದೇ. ಲೆಕ್ಕ ಬರೆಯುವುದೇ ನನ್ನ ಕೆಲಸ, ಅದರಿಂದ ಈ ವಿಷಯದಲ್ಲಿ ನನಗೆ ಭ್ರಮೆ ಕಡಿಮೆ. ಪ್ರತಿ ತಿಂಗಳು ಮನೆ ಖರ್ಚು, ಉಳಿತಾಯ ಎಲ್ಲ ಪಕ್ಕಕ್ಕಿಟ್ಟ ಮೇಲೆ ಮನರಂಜನೆಗೆ ಅಂತ ಉಳಿಯುವುದರಲ್ಲಿ ಒಂದು ಸಣ್ಣ ಪಾಲು ಇದಕ್ಕೆ. ಪುಸ್ತಕದಲ್ಲಿ ಅದನ್ನು ಹಾಕಿದ ದಿನವೇ ಖರ್ಚು ಎಂದು ಬರೆಯುತ್ತೇನೆ. ಏನಾದರೂ ವಾಪಸ್ ಬಂದರೆ ಬಂತು. ಸಾಲದ ದುಡ್ಡು, ಕ್ರೆಡಿಟ್ ಕಾರ್ಡ್ ಎರಡಕ್ಕೂ ಇಲ್ಲಿ ಜಾಗವಿಲ್ಲ.

ಬಜೆಟ್ ಅಂದರೆ ಎಲ್ಲರೂ ಮೊತ್ತ ಒಂದನ್ನೇ ನೋಡುತ್ತಾರೆ. ವೇಗವನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಒಂದು ಸೊನ್ನೆ ಇರುವ ಯೂರೋಪಿಯನ್ ರೂಲೆಟ್ ನೋಡಿ. ಚಕ್ರದಲ್ಲಿ 37 ಮನೆ, ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಅಂತ ಪಣ. ಒಂದು ಅಂಕಿಗೆ ಕಟ್ಟಿ ಗೆದ್ದರೆ ಕಟ್ಟಿದ್ದು ವಾಪಸ್, ಅದರ ಮೇಲೆ ಸಿಗುವುದು 35 ಪಟ್ಟು. ಈ ವ್ಯತ್ಯಾಸದಲ್ಲೇ ಸೈಟಿನ ಪಾಲು ಇದೆ, ಕಟ್ಟಿದ ದುಡ್ಡಿನ 2.7 ಶೇಕಡಾ. ಎರಡು ಸೊನ್ನೆಯ ಅಮೆರಿಕನ್ ಚಕ್ರದಲ್ಲಿ 38 ಮನೆ, ಗೆದ್ದರೆ ಸಿಗುವುದು ಅಷ್ಟೇ, ಸೈಟಿನ ಪಾಲು ಮಾತ್ರ 5.26 ಶೇಕಡಾಕ್ಕೆ ಏರುತ್ತದೆ. ನಿಜವಾದ ವ್ಯಕ್ತಿ ವಿಡಿಯೊದಲ್ಲಿ ಚಕ್ರ ತಿರುಗಿಸುವ ಲೈವ್ ಡೀಲರ್ ಮೇಜಿನಲ್ಲಿ ಗಂಟೆಗೆ 40 ಸುತ್ತು ಅಂತಿಟ್ಟುಕೊಳ್ಳಿ. ಸುತ್ತಿಗೆ ಒಂದು ರೂಪಾಯಿ ಕಟ್ಟಿದರೆ, ಸರಾಸರಿಯಲ್ಲಿ ಗಂಟೆಗೆ ಹೋಗುವುದು ಒಂದು ರೂಪಾಯಿಗಿಂತ ಚೂರು ಜಾಸ್ತಿ.

ಈಗ ಸ್ಲಾಟಿಗೆ ಬನ್ನಿ. ಆಟದ ಮಾಹಿತಿ ಪುಟದಲ್ಲಿ ಆರ್‌ಟಿಪಿ (ಕಟ್ಟಿದ್ದರಲ್ಲಿ ಸರಾಸರಿ ಆಟಗಾರರಿಗೆ ವಾಪಸ್ ಬರುವ ಪಾಲು) 96 ಶೇಕಡಾ ಅಂತ ಇರುತ್ತದೆ. ಅಂದರೆ ಸೈಟಿನ ಪಾಲು 4. ರೂಲೆಟ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಬೆರಳು ಎತ್ತದೆ ಆಡಿದರೆ ಗಂಟೆಗೆ 600 ಸ್ಪಿನ್ ಆಗುತ್ತದೆ. ಅದೇ ಒಂದು ರೂಪಾಯಿಯ ಆಟಕ್ಕೆ ಗಂಟೆಗೆ 24 ರೂಪಾಯಿ ಹೋಯಿತು. ಇಪ್ಪತ್ತು ಪಟ್ಟಿಗಿಂತ ದುಬಾರಿ! ಅದೂ ಸರಾಸರಿ ಮಾತ್ರ. ಆ 96 ಲಕ್ಷಾಂತರ ಸ್ಪಿನ್‌ಗಳ ಲೆಕ್ಕ, ನಿಮ್ಮ ಒಂದು ಸಂಜೆಯದಲ್ಲ. ಹೋದ ಸ್ಪಿನ್‌ಗೂ ಬರುವ ಸ್ಪಿನ್‌ಗೂ ಸಂಬಂಧವಿಲ್ಲ, ಆದ್ದರಿಂದ "ಇಷ್ಟೊತ್ತು ಕೊಟ್ಟಿಲ್ಲ, ಇನ್ನೇನು ಕೊಡುತ್ತೆ" ಅಂತ ಕಾಯುವುದೂ ಸುಮ್ನೆ.

ಸ್ಲಾಟಿನಲ್ಲಿ ನನಗೆ ಸಿಟ್ಟು ಬರಿಸುವ ಇನ್ನೊಂದು ವಿಷಯ ಇದೆ. ಇಪ್ಪತ್ತು ಸಾಲುಗಳ ಮೇಲೆ ಒಟ್ಟು ಇಪ್ಪತ್ತು ಪೈಸೆ ಕಟ್ಟುತ್ತೀರಿ. ಒಂದು ಸಾಲಿನಲ್ಲಿ ಎಂಟು ಪೈಸೆ ಬರುತ್ತದೆ. ಹನ್ನೆರಡು ಪೈಸೆ ಕೈಬಿಟ್ಟಿತು. ಪರದೆ ಮೇಲೆ ಮಾತ್ರ ನಾಣ್ಯ ಉದುರುತ್ತದೆ, ಗಂಟೆ ಬಾರಿಸುತ್ತದೆ, "ಗೆದ್ದಿರಿ" ಅಂತ ದಪ್ಪ ಅಕ್ಷರ. ಬ್ರಿಟನ್ನಿನಲ್ಲಿ 2021ರಿಂದ ಇಂಥ ಸುಳ್ಳು ಸಂಭ್ರಮಕ್ಕೆ ನಿಷೇಧ ಇದೆ. ಗುಂಡಿ ಒತ್ತದೆ ತಾನಾಗಿಯೇ ಸ್ಪಿನ್ ಆಗುತ್ತಾ ಹೋಗುವ ಸ್ಲಾಟಿನ ಆಟೋಪ್ಲೇ ಅನ್ನೂ ಅದರ ಜೊತೆಗೇ ತೆಗೆಸಿದರು, ಒಂದು ಸ್ಪಿನ್ನಿಗೆ ಕಡಿಮೆ ಅಂದರೂ 2.5 ಸೆಕೆಂಡ್ ಹಿಡಿಯಬೇಕು ಅಂತ ನಿಯಮ ಮಾಡಿದರು. ನನ್ನ ಸೈಟಿನಲ್ಲಿ ಮೂರೂ ಇನ್ನೂ ಹಳೇ ಥರವೇ ಇವೆ. ನಾನು ಧ್ವನಿ ಆಫ್ ಮಾಡಿ ಆಡುತ್ತೇನೆ. ಸದ್ದಿಲ್ಲದ ಸ್ಲಾಟು ಎಷ್ಟು ಬೇಗ ಬೋರ್ ಹೊಡೆಸುತ್ತದೆ ಅಂತ ನೀವೇ ನೋಡಿ.

ಇನ್ನು ಲಿಮಿಟ್‌ಗಳು. ಡೆಪಾಸಿಟ್ ಲಿಮಿಟ್ (ಸೈಟಿಗೆ ಎಷ್ಟು ದುಡ್ಡು ಹಾಕಬಹುದು ಅನ್ನುವ ಮಿತಿ) ಹುಡುಕಲು ಖಾತೆ, ಪ್ರೊಫೈಲ್, ಸುರಕ್ಷತೆ ಅಂತ ಮೂರು ಮೆನು ಇಳಿಯಬೇಕು. ದುಡ್ಡು ಹಾಕುವ ಗುಂಡಿ ಎಲ್ಲ ಪುಟದ ಮೇಲೂ ಹಸಿರಾಗಿ ಹೊಳೆಯುತ್ತಿರುತ್ತದೆ. ಇಷ್ಟರಲ್ಲೇ ಗೊತ್ತಾಗುತ್ತದೆ ಅವರಿಗೆ ಯಾವುದು ಮುಖ್ಯ ಅಂತ. ಒಳಗೆ ಹೋದ ಮೇಲೆ ಕೆಲಸ ಚೆನ್ನಾಗಿದೆ. ದಿನ, ವಾರ, ತಿಂಗಳು ಮೂರಕ್ಕೂ ಬೇರೆ ಬೇರೆ ಮಿತಿ ಹಾಕಬಹುದು. ಮಿತಿ ಇಳಿಸಿದರೆ ಆ ಕ್ಷಣವೇ ಜಾರಿ. ಏರಿಸಬೇಕಾದರೆ 24 ಗಂಟೆ ಕಾಯಬೇಕು, ಆಮೇಲೆ ಇನ್ನೊಮ್ಮೆ ಒಳಗೆ ಬಂದು ಒಪ್ಪಿಗೆ ಕೊಡಬೇಕು. ಪರೀಕ್ಷೆ ಮಾಡೋಣ ಅಂತ ಏರಿಸಲು ಅರ್ಜಿ ಹಾಕಿ ಸುಮ್ಮನಿದ್ದೆ. ಒಪ್ಪಿಗೆ ಕೊಡದಿದ್ದಕ್ಕೆ ಹಳೇ ಮಿತಿಯೇ ಉಳಿಯಿತು. ಇದಕ್ಕೆ ಪೂರ್ತಿ ಅಂಕ. ಸೋತ ಬಿಸಿಯಲ್ಲಿ ತಗೊಂಡ ನಿರ್ಧಾರ ಮರುದಿನದವರೆಗೆ ಉಳಿಯುವುದು ಕಷ್ಟ.

ಆದರೆ ಮಿತಿಯ ಚೌಕದಲ್ಲಿ ಅವರೇ ಮೊದಲೇ ಒಂದು ಅಂಕಿ ತುಂಬಿಸಿಟ್ಟಿದ್ದಾರೆ. ನನ್ನ ತಿಂಗಳ ಮನರಂಜನೆ ಖರ್ಚು ಪೂರ್ತಿ ಸೇರಿಸಿದರೂ ಅದರ ಹತ್ತಿರ ಹೋಗಲ್ಲ. ಅದನ್ನು ನೋಡಿದ ಮೇಲೆ ನಮ್ಮ ಅಂಕಿ ಜಿಪುಣತನದಂತೆ ಕಾಣುತ್ತದೆ. ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಆ ಪುಟ ತೆರೆಯಿರಿ.

ಸೋಲಿನ ಲಿಮಿಟ್ ಬೇರೆ ಪುಟದಲ್ಲಿದೆ. ಇದು ಡೆಪಾಸಿಟ್ ಲಿಮಿಟ್ ಅಲ್ಲ, ಗಮನವಿರಲಿ. ಇಲ್ಲಿ ವಾರದ ಸೋಲಿನಿಂದ ಗೆಲುವು ಕಳೆದು ಲೆಕ್ಕ ಹಾಕುತ್ತಾರೆ. ಮಂಗಳವಾರ ಒಳ್ಳೆಯ ಮೊತ್ತ ಗೆದ್ದು ಶುಕ್ರವಾರ ಅಷ್ಟನ್ನೂ ಕಳೆದುಕೊಂಡರೆ ಲೆಕ್ಕ ಸೊನ್ನೆ, ಲಿಮಿಟ್ ಮಿಸುಕುವುದೂ ಇಲ್ಲ. ಗೆದ್ದಿದ್ದನ್ನು ಕಾಯುವುದು ನಮ್ಮದೇ ಕೆಲಸ. ನನ್ನ ನಿಯಮ ಸರಳ: ಹಾಕಿದ್ದು ದುಪ್ಪಟ್ಟಾದರೆ ಅರ್ಧ ತಕ್ಷಣ ಬ್ಯಾಂಕಿಗೆ.

ಈ ಸೈಟಿನ ದೊಡ್ಡ ಹುಳುಕು ಅಲ್ಲೇ ಇರುವುದು. ವಿತ್‌ಡ್ರಾ ಒತ್ತಿದರೆ ದುಡ್ಡು ಒಂದೆರಡು ದಿನ "ಪರಿಶೀಲನೆಯಲ್ಲಿದೆ" ಅಂತ ನಿಲ್ಲುತ್ತದೆ. ಪಕ್ಕದಲ್ಲೇ ಗುಂಡಿ: "ರದ್ದು ಮಾಡಿ, ಆಟ ಮುಂದುವರಿಸಿ". ಹಾಕುವಾಗ ಎರಡು ಸೆಕೆಂಡಿನಲ್ಲಿ ಒಳಗೆ ಹೋದ ದುಡ್ಡಿಗೆ ಹೊರಗೆ ಬರುವಾಗ ಏನಪ್ಪಾ ಪರಿಶೀಲನೆ? ಚಾಟ್‌ನಲ್ಲಿ ಕೇಳಿದೆ. "ಇದು ನಿಮ್ಮ ಅನುಕೂಲಕ್ಕಾಗಿಯೇ ಸರ್" ಅಂತ ಉತ್ತರ ಬಂತು. ಆ ಗುಂಡಿ ನನಗೆ ಕಾಣದಂತೆ ಮಾಡಿ ಅಂದೆ. "ಆ ಆಯ್ಕೆ ಸದ್ಯಕ್ಕಿಲ್ಲ ಸರ್." ಕೆಲವು ಸೈಟುಗಳಲ್ಲಿ ವಿತ್‌ಡ್ರಾವನ್ನು ಲಾಕ್ ಮಾಡುವ ಸೌಲಭ್ಯ ಇರುತ್ತದೆ, ಒಮ್ಮೆ ಒತ್ತಿದರೆ ರದ್ದು ಮಾಡಲು ಆಗುವುದಿಲ್ಲ. ಸೈಟು ಆರಿಸುವಾಗ ನಾನು ಇನ್ನು ಮುಂದೆ ಮೊದಲು ನೋಡುವುದು ಅದನ್ನೇ.

ಸಮಯ ನೆನಪಿಸುವ ಪಾಪ್‌ಅಪ್ ಇದೆ. ಅವರಾಗಿ ಇಟ್ಟಿರುವುದು ಗಂಟೆಗೊಮ್ಮೆ, ನಾನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಎಷ್ಟು ಹೊತ್ತು ಆಡಿದಿರಿ, ಎಷ್ಟು ಹೋಯಿತು, ಎರಡೂ ತೋರಿಸುತ್ತದೆ. "ಮುಂದುವರಿಸಿ" ದೊಡ್ಡ ಬಣ್ಣದ ಗುಂಡಿ. "ಹೊರಗೆ ಹೋಗಿ" ಅದರ ಕೆಳಗೆ ಬೂದು ಅಕ್ಷರದಲ್ಲಿ. ಆದರೂ ಅದು ಬಂದಾಗ ಕೈ ಒಂದು ಕ್ಷಣ ನಿಲ್ಲುತ್ತದೆ, ಅಷ್ಟು ಸಾಕು. ನನ್ನ ಅಕ್ಕ ಇದನ್ನು ನೋಡಿ, "ಎಷ್ಟು ಗೆದ್ದೆ ಅಂತ ಎಲ್ರಿಗೂ ಹೇಳ್ತೀಯ ಕಣೋ, ಎಷ್ಟೊತ್ತು ಕೂತಿದ್ದೆ ಅಂತ ಇದೊಂದಕ್ಕೇ ಗೊತ್ತು" ಅಂದಳು.

ಬೋನಸ್ ಬಗ್ಗೆ ಒಂದೇ ಲೆಕ್ಕ ಹೇಳುತ್ತೇನೆ. ನೂರರ ಬೋನಸ್, 30 ಪಟ್ಟು ಆಡಬೇಕೆಂಬ ಷರತ್ತು. ಅಂದರೆ ಮೂರು ಸಾವಿರದಷ್ಟು ಪಣ ಕಟ್ಟಿದ ಮೇಲೆ ದುಡ್ಡು ನಿಮ್ಮದು. 96 ಶೇಕಡಾ ಆರ್‌ಟಿಪಿ ಸ್ಲಾಟಿನಲ್ಲಿ ಮೂರು ಸಾವಿರ ಆಡಿದರೆ ಸರಾಸರಿ ಹೋಗುವುದು 120. ನೂರು ಪಡೆಯಲು ನೂರಿಪ್ಪತ್ತು! ಜೊತೆಗೆ ಮುಗಿಸಲು ಗಡುವು ಬೇರೆ, ನಿಮ್ಮ ಲಿಮಿಟ್ ಮುರಿಯಲು ಅದೇ ನೆಪವಾಗುತ್ತದೆ. ಡೆಪಾಸಿಟ್ ಪುಟದಲ್ಲಿ "ಬೋನಸ್ ಬೇಡ" ಅನ್ನುವ ಸಣ್ಣ ಚೌಕ ಇದೆ. ಅಲ್ಲಿ ಟಿಕ್ ಹಾಕಿಯೇ ಮುಂದೆ ಹೋಗಿ.

ವಿರಾಮ ತಗೊಳ್ಳಲು ಒಂದು ದಿನ, ಒಂದು ವಾರ, ಒಂದು ತಿಂಗಳು ಅಂತ ಆಯ್ಕೆಗಳಿವೆ. ಒಂದು ವಾರ ತಗೊಂಡು ನೋಡಿದೆ. ಲಾಗಿನ್ ಆಗಲು ಬಿಡಲಿಲ್ಲ, ಸರಿ. ಆದರೆ ಆ ವಾರದ ನಡುವೆಯೇ "ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದ್ದೇವೆ, ಉಚಿತ ಸ್ಪಿನ್ ಕಾಯುತ್ತಿದೆ" ಅಂತ ಮೇಲ್ ಬಂತು. ಬೇಕು ಅಂತಲೇ ಬಾಗಿಲು ಹಾಕಿಕೊಂಡವನ ಕಿಟಕಿ ಬಡಿಯುವ ಕೆಲಸ ಇದು. ಜಾಹೀರಾತು ಮೇಲ್‌ಗಳನ್ನು ನಿಲ್ಲಿಸುವ ಸೆಟ್ಟಿಂಗ್ ಇನ್ನೊಂದು ಕಡೆ ಇದೆ, ವಿರಾಮಕ್ಕೂ ಅದಕ್ಕೂ ಸಂಬಂಧ ಇಟ್ಟಿಲ್ಲ.

ಒಂದು ಸೈಟಿನ ಲಿಮಿಟ್ ಆ ಸೈಟಿಗೆ ಮಾತ್ರ. ಅಲ್ಲಿ ಮುಗಿಯಿತು ಅಂತ ಇನ್ನೊಂದರಲ್ಲಿ ಖಾತೆ ತೆರೆಯಲು ಐದು ನಿಮಿಷ ಸಾಕು. ಅದಕ್ಕೆ ಬೀಗ ನಮ್ಮ ಕಡೆಯೂ ಇರಬೇಕು. ಆಟಕ್ಕೆ ಬೇರೆಯೇ ಖಾತೆ ಅಥವಾ ಪ್ರಿಪೇಯ್ಡ್ ಕಾರ್ಡ್ ಇಟ್ಟು, ತಿಂಗಳಿಗೆ ಒಮ್ಮೆ ಮಾತ್ರ ತುಂಬಿಸುವುದು ನನ್ನ ವಿಧಾನ. ಕೆಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಜೂಜಿನ ಪಾವತಿಯನ್ನೇ ತಡೆಯುವ ಸ್ವಿಚ್ ಇದೆ. ಬೆಟ್‌ಬ್ಲಾಕರ್ ಅಂತ ಒಂದು ಉಚಿತ ಆ್ಯಪ್ ಇದೆ, ನೀವು ಹೇಳಿದ ಅವಧಿಯವರೆಗೆ ಫೋನಿನಲ್ಲಿ ಜೂಜಿನ ಸೈಟುಗಳನ್ನು ತೆರೆಯಲು ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಆಟವನ್ನು ಆಟದಂತೆ ನೋಡಬಲ್ಲವರಿಗೆ. ಕಳೆದದ್ದನ್ನು ಇವತ್ತೇ ವಾಪಸ್ ತರಬೇಕು ಅಂತ ಆಡುವವರು, ಮನೆಯವರಿಂದ ಮುಚ್ಚಿಟ್ಟು ಆಡುವವರು, ಸಾಲ ಮಾಡಿದವರು ಈ ಲಿಮಿಟ್‌ಗಳ ತಂಟೆಗೆ ಹೋಗಬೇಡಿ. ಅದೇ ಪುಟದ ಕೊನೆಯಲ್ಲಿ ಖಾತೆಯನ್ನು ಪೂರ್ತಿ ಮುಚ್ಚಿಸಿಕೊಳ್ಳುವ ಆಯ್ಕೆ ಇದೆ. ಇಲ್ಲಿ ಅದರ ಕನಿಷ್ಠ ಅವಧಿ ಆರು ತಿಂಗಳು, ನಡುವೆ ಬೇಡಿಕೊಂಡರೂ ತೆರೆಯುವುದಿಲ್ಲ. ನೇರ ಅಲ್ಲಿಗೆ ಹೋಗಿ, ಹತ್ತಿರದವರೊಬ್ಬರಿಗೆ ವಿಷಯ ಹೇಳಿ, ವೈದ್ಯರನ್ನೋ ಆಪ್ತ ಸಲಹೆಗಾರರನ್ನೋ ನೋಡಿ.

ನನ್ನ ಅಂಕ: ಡೆಪಾಸಿಟ್ ಲಿಮಿಟ್‌ಗೆ ಐದಕ್ಕೆ ನಾಲ್ಕೂವರೆ, ಪಾಪ್‌ಅಪ್‌ಗೆ ಮೂರೂವರೆ, ವಿರಾಮಕ್ಕೆ ಎರಡು, ವಿತ್‌ಡ್ರಾ ಪುಟಕ್ಕೆ ಒಂದು. ಆ ಒಂದು ಯಾಕೆ ಅಂದರೆ, ಕೊನೆಗಾದರೂ ದುಡ್ಡು ಬಂತು.