ನೂರಿಪ್ಪತ್ತು ರೂಪಾಯಿಯ ಲೀಡ್ ದಾವಣಗೆರೆಗೆ ಬಂದಾಗ

"ದಾವಣಗೆರೆಯದ್ದೇ ಫ್ರೆಶ್ ಲೀಡ್ ಸರ್, ಒಂದಕ್ಕೆ ನೂರಿಪ್ಪತ್ತು. ಇವತ್ತೇ ವ್ಯಾಲೆಟ್ ರೀಚಾರ್ಜ್ ಮಾಡಿದ್ರೆ ಹತ್ತು ಫ್ರೀ." ವಿಮಾ ಏಜೆಂಟರಿಗೆಲ್ಲ ಬರುವ ಕರೆ ಇದು. ಲೀಡ್ ಎಂದರೆ ವಿಮೆ ಬೇಕೆಂದು ವಿಚಾರಿಸಿದವರ ಹೆಸರು, ನಂಬರು. ಆ ನೂರಿಪ್ಪತ್ತು ಲೀಡಿನ ಬೆಲೆಯೇ ಹೊರತು ಪಾಲಿಸಿಯ ಖರ್ಚಲ್ಲ. ಪಾಲಿಸಿ ಇಶ್ಯೂ ಆಗಿ, ಬೇಡವೆಂದು ವಾಪಸ್ ಕೊಡಬಹುದಾದ 30 ದಿನದ ಫ್ರೀ ಲುಕ್ ದಾಟಿ ನಿಲ್ಲುವ ಹೊತ್ತಿಗೆ ಜೇಬಿನಿಂದ ಹೋದದ್ದೆಷ್ಟು ಎಂಬುದೇ ಅಸಲಿ ಲೆಕ್ಕ.

ಸಾವಿರಗಟ್ಟಲೆ ನಂಬರಿರುವ ಎಕ್ಸೆಲ್ ಡೇಟಾ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪುಕ್ಕಟೆ ಕೊಟ್ಟರೂ ಬೇಡ. ಆ ಜನ ಯಾರೂ ವಿಮೆ ಕೇಳಿದವರಲ್ಲ. ವಿಚಾರ ಮಾಡಬೇಕಾದದ್ದು ಹಂಚಿಕೆ ಲೀಡ್, ಎಂದರೆ ಒಂದೇ ವಿಚಾರಣೆಯನ್ನು ನಾಲ್ಕೈದು ಏಜೆಂಟರಿಗೆ ಮಾರುವಂಥದ್ದು. ಒಬ್ಬರಿಗೇ ಕೊಡುವ ಎಕ್ಸ್‌ಕ್ಲೂಸಿವ್ ಲೀಡಿನ ಬೆಲೆ ಇದಕ್ಕಿಂತ ಬಹಳ ಹೆಚ್ಚು.

ಹಂಚಿಕೆ ಲೀಡನ್ನೇ ಲೆಕ್ಕಕ್ಕೆ ಹಿಡಿಯಿರಿ. 100 ಲೀಡಿಗೆ ₹12,000. ಮೇಲೆ 18% ಜಿಎಸ್‌ಟಿ ₹2,160. ಜಿಎಸ್‌ಟಿ ನೋಂದಣಿ ಇಲ್ಲದ ಏಜೆಂಟರಿಗೆ ಈ ತೆರಿಗೆ ವಾಪಸ್ ಬರುವುದಿಲ್ಲ, ಪೂರ್ತಿ ಖರ್ಚೇ. ಅಲ್ಲಿಗೆ ₹14,160. ನೂರರಲ್ಲಿ ಮೂರು ಕೇಸ್, ಎಂದರೆ ಮೂರು ಪಾಲಿಸಿ, ಆದವು ಎನ್ನೋಣ, ಒಂದಕ್ಕೆ ₹4,720 ಬಿತ್ತು. ₹20,000 ಪ್ರೀಮಿಯಂನ ಫ್ಯಾಮಿಲಿ ಆರೋಗ್ಯ ಪಾಲಿಸಿಗೆ 15% ಕಮಿಷನ್ ಎಂದಿಟ್ಟುಕೊಂಡರೆ ಕೈಗೆ ಬರುವುದು ₹3,000. ಮೊದಲ ವರ್ಷವೇ ₹1,720 ಕೈಬಿಟ್ಟಂತಾಯಿತು. ಮೂರರಲ್ಲಿ ಒಬ್ಬರು ಫ್ರೀ ಲುಕ್‌ನಲ್ಲಿ ವಾಪಸ್ ಕೊಟ್ಟರೆ ಆ ಕಮಿಷನ್ನೂ ಹಿಂದಕ್ಕೆ ಹೋಗುತ್ತದೆ, ಉಳಿದ ಎರಡರ ಮೇಲೆ ತಲಾ ₹7,080 ಕೂರುತ್ತದೆ. ಪ್ರತಿ ವರ್ಷ ರಿನ್ಯೂಯಲ್ ಆಗಿ ಅದೇ ₹3,000 ಬಂದರೂ ಅಸಲು ಹುಟ್ಟುವುದು ಮೂರನೇ ವರ್ಷ. ಪೆಟ್ರೋಲ್ ಇನ್ನೂ ಸೇರಿಸಿಲ್ಲ.

ಜೀವ ವಿಮೆಯಲ್ಲಿ ಮೊದಲ ವರ್ಷದ ಕಮಿಷನ್ ದೊಡ್ಡದು, ಅಲ್ಲಿ ಗಿಟ್ಟುತ್ತದಲ್ಲ ಎನ್ನಬಹುದು. ಆದರೆ 2024ರ ಅಕ್ಟೋಬರ್‌ನಿಂದ ಎಲ್‌ಐಸಿಯಲ್ಲಿ ಮೊದಲ ವರ್ಷದ್ದು ಇಳಿದು ರಿನ್ಯೂಯಲ್‌ನದು ಏರಿದೆ. ಕಂತು ಕಟ್ಟದೆ ನಡುವೆ ಲ್ಯಾಪ್ಸ್ ಆಗುವ ಕೇಸಿನಿಂದ ಲೀಡ್ ಖರ್ಚು ಹುಟ್ಟುವುದು ಮೊದಲಿಗಿಂತ ಕಷ್ಟ. ಅಪರಿಚಿತ ಲೀಡಿನಿಂದ ಬಂದ ಗ್ರಾಹಕರು "ಮೊದಲನೇ ಕಂತು ನೀವೇ ಕಟ್ತೀರಾ ಅಣ್ಣಾ?" ಎಂದು ಕೇಳುವುದೂ ಹೆಚ್ಚು. ಇನ್ನೊಬ್ಬ ಏಜೆಂಟ್ ಆಗಲೇ ಒಪ್ಪಿರುತ್ತಾನೆ. ಹೀಗೆ ಗ್ರಾಹಕರ ಕಂತು ಏಜೆಂಟ್ ಕಟ್ಟುವುದು ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ತಪ್ಪು, ದಂಡ ₹10 ಲಕ್ಷದವರೆಗೆ.

ಇನ್ನು "ದಾವಣಗೆರೆಯದ್ದೇ" ಎಂಬ ಮಾತು. ಮಾರುವವರು ಎಷ್ಟೋ ಸಲ ಜರಡಿ ಹಿಡಿಯುವುದು ಪಿನ್‌ಕೋಡಿನ ಮೊದಲ ಮೂರು ಅಂಕಿ 577ಕ್ಕೆ. 577101 ಚಿಕ್ಕಮಗಳೂರು, 577201 ಶಿವಮೊಗ್ಗ, 577501 ಚಿತ್ರದುರ್ಗ. ನಗರದ್ದು ಬೇಕೆಂದರೆ 577001ರಿಂದ 577006ರವರೆಗೆ ಎಂದು ಬರೆಸಿಕೊಳ್ಳಬೇಕು. ಇದರಲ್ಲೂ ಒಂದು ತೊಡಕಿದೆ. ಜಿಲ್ಲೆಯಾದದ್ದು 1997ರಲ್ಲಿ, ಪಿನ್‌ಕೋಡ್‌ಗಳು ಅದಕ್ಕಿಂತ ಹಳೆಯವು. ಹಾಗಾಗಿ ಹೊನ್ನಾಳಿ 577217, ಚನ್ನಗಿರಿ 577213 ಶಿವಮೊಗ್ಗದ ಸಾಲಿನಲ್ಲಿವೆ, ಜಗಳೂರು 577528 ಚಿತ್ರದುರ್ಗದ ಸಾಲಿನಲ್ಲಿ. ಹರಿಹರ 577601. ಚನ್ನಗಿರಿಯ ಅಡಿಕೆ ಬೆಳೆಗಾರರು ಬೇಕಾದವರು 'ದಾವಣಗೆರೆ' ಎಂದಷ್ಟೇ ಹೇಳಿದರೆ ಅವರೇ ತಪ್ಪಿಹೋಗುತ್ತಾರೆ. ಮೊಬೈಲ್ ಸರ್ಕಲ್ ನೋಡಿ ಊರು ಹೇಳುವವರನ್ನು ನಂಬಲೇಬೇಡಿ. ಅದು ಕರ್ನಾಟಕ ಎಂದಷ್ಟೇ ಹೇಳುತ್ತದೆ.

ಎಲ್‌ಐಸಿ ಹೆಸರಿನ ಲೀಡುಗಳಲ್ಲಿ ಹೊಸ ಪಾಲಿಸಿ ಬೇಕೆಂದು ಫಾರಂ ತುಂಬಿದವರಷ್ಟೇ ಇರುವುದಿಲ್ಲ. ಬಾಂಡ್ ಕಳೆದುಕೊಂಡವರು, ಪಾಲಿಸಿ ಮೇಲೆ ಸಾಲ ಬೇಕಾದವರು, ಲ್ಯಾಪ್ಸ್ ಆದದ್ದನ್ನು ರಿವೈವ್ ಮಾಡಿಸಬೇಕಾದವರೂ ಇರುತ್ತಾರೆ. ಏಜೆಂಟರು ಇವನ್ನು 'ವೇಸ್ಟ್' ಎಂದು ಬಿಸಾಡುತ್ತಾರೆ. ಅಲ್ಲ. ಬ್ರಾಂಚ್‌ಗೆ ಕರೆದುಕೊಂಡು ಹೋಗಿ ಆ ಕೆಲಸ ಮಾಡಿಸಿಕೊಟ್ಟರೆ ಮನೆಯೊಳಗೆ ಕಾಲಿಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಇದು ಬಿಡುವಿರುವವರಿಗೆ. ಮಾರ್ಚ್ ಕ್ಲೋಸಿಂಗ್‌ನ ಟಾರ್ಗೆಟ್ ತಲೆಮೇಲಿರುವವರಿಗಲ್ಲ.

ಇನ್ನೊಂದು ಅಪಾಯ ಫೋನಿನದು. ಡಿಎನ್‌ಡಿಯಲ್ಲಿರುವವರಿಗೆ, ಎಂದರೆ ಮಾರಾಟದ ಕರೆ ಬೇಡವೆಂದು ನೋಂದಾಯಿಸಿದವರಿಗೆ, ಸ್ವಂತ ಹತ್ತಂಕಿ ನಂಬರಿನಿಂದ ಕರೆ ಮಾಡಿದರೆ ಅವರು 1909ಕ್ಕೆ ದೂರು ಕೊಡಬಹುದು. ಮರುಕಳಿಸಿದರೆ ಸಂಪರ್ಕವೇ ಕಡಿತ. ಇಪ್ಪತ್ತು ವರ್ಷಗಳಷ್ಟು ಹಳೆಯ ಗ್ರಾಹಕರ ಬಳಿ ಇರುವ ಅದೇ ನಂಬರು ಹೋದರೆ ಲೀಡಿನ ದುಡ್ಡು ಯಾವ ಲೆಕ್ಕ? ಕರೆ ಮಾಡಲು ಗ್ರಾಹಕರು ಯಾವಾಗ, ಎಲ್ಲಿ ಒಪ್ಪಿಗೆ ಕೊಟ್ಟರು ಎಂಬ ದಾಖಲೆಯನ್ನು ಮಾರುವವರಿಂದಲೇ ಕೇಳಿ ಪಡೆಯಿರಿ.

ಇವೆಲ್ಲಕ್ಕಿಂತ ಮೇಲು, ಫೇಸ್‌ಬುಕ್‌ನಲ್ಲಿ ಸ್ವಂತ ಲೀಡ್ ಜಾಹೀರಾತು. ಮೊದಲು ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಬೇಕು, ಲೋಗೊ ಸುಮ್ಮನೆ ಹಾಕುವಂತಿಲ್ಲ. ಫಾರಂ ಕನ್ನಡದಲ್ಲಿರಲಿ. 'ಹೆಚ್ಚು ಸಂಖ್ಯೆ' ಆಯ್ಕೆ ಬಿಟ್ಟು, ಕಳಿಸುವ ಮುನ್ನ ಒಮ್ಮೆ ಪರಿಶೀಲಿಸುವಂತೆ ಕೇಳುವ 'ಹೆಚ್ಚು ಆಸಕ್ತಿ'ಯ ಬಗೆ ಆರಿಸಿ. ಪ್ರೊಫೈಲಿನಿಂದ ತಾನಾಗಿ ತುಂಬಿಕೊಳ್ಳುವ ನಂಬರು ಎಷ್ಟೋ ಸಲ ಹಳೆಯದು. ಆದ್ದರಿಂದ ಕೈಯಾರೆ ಬರೆಯಬೇಕಾದ ಪ್ರಶ್ನೆ ಒಂದೆರಡು ಇರಲಿ: ಮನೆಯಲ್ಲಿ ಎಷ್ಟು ಜನ, ಈಗ ಪಾಲಿಸಿ ಇದೆಯೇ, ಯಾವ ಹೊತ್ತಿಗೆ ಕರೆ ಮಾಡಲಿ. ಲೀಡ್ ಕಡಿಮೆ ಬರುತ್ತವೆ, ಬಂದವರು ಮಾತಾಡುತ್ತಾರೆ. ಅವನ್ನು 90 ದಿನದೊಳಗೆ ಡೌನ್‌ಲೋಡ್ ಮಾಡಿಕೊಳ್ಳದಿದ್ದರೆ ಆಮೇಲೆ ಸಿಗುವುದಿಲ್ಲ.

ಹಾಗಿದ್ದರೂ ಕೊಂಡೇ ತೀರುತ್ತೇನೆ ಎನ್ನುವವರು 500 ಅಲ್ಲ, 20 ಕೊಳ್ಳಿ. ಫಾರಂ ತುಂಬಿದ ದಿನ, ಗಂಟೆ, ಯಾವ ಜಾಹೀರಾತು, ಎಷ್ಟು ಜನರಿಗೆ ಮಾರಿದ್ದಾರೆ, ಇಷ್ಟೂ ಶೀಟಿನಲ್ಲಿರಬೇಕು. ತಪ್ಪು ನಂಬರಿಗೆ ಬದಲಿ ಲೀಡ್ ಕೊಡುತ್ತಾರೆಯೇ, ಎಷ್ಟು ಗಂಟೆಯೊಳಗೆ ಹೇಳಬೇಕು, 'ಸ್ವಿಚ್ ಆಫ್' ಬಂದದ್ದು ಲೆಕ್ಕಕ್ಕಿದೆಯೇ ಎಂದು ವಾಟ್ಸ್ಯಾಪ್‌ನಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ಅವರ ಫಾರಂನಲ್ಲಿ ಮನೆಯ ಬೇರೊಂದು ನಂಬರು ಹಾಕಿ ನೋಡಿ. ಸಂಜೆಯೊಳಗೆ ಎಷ್ಟು ಏಜೆಂಟರು ಕರೆ ಮಾಡಿದರು ಎಂಬುದೇ ಉತ್ತರ. ಬಿಲ್ ಮಾತ್ರ ಬಿಡಬೇಡಿ. ಖರ್ಚಿನ ಲೆಕ್ಕ ತೋರಿಸದೆ ವಹಿವಾಟಿನ ಇಂತಿಷ್ಟು ಪಾಲನ್ನೇ ಆದಾಯವೆನ್ನುವ ಸಣ್ಣ ವ್ಯಾಪಾರಿಗಳ ಅಂದಾಜು ತೆರಿಗೆ ಪದ್ಧತಿ ಕಮಿಷನ್ ಆದಾಯಕ್ಕೆ ಇಲ್ಲ. ಬಿಲ್ ಇಲ್ಲದೆ ಈ ಖರ್ಚನ್ನು ಆದಾಯದಲ್ಲಿ ಕಳೆದು ತೋರಿಸಿದರೆ ಕೇಳಿದಾಗ ಕೊಡಲು ಏನೂ ಇರುವುದಿಲ್ಲ.