ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪುಸ್ತಕ: ಕಥೆಗೆ ಫುಲ್ ಮಾರ್ಕ್ಸ್, ಪ್ರಶ್ನೆಗೆ ಪಾಸ್ ಮಾರ್ಕ್ಸ್

ಪಠ್ಯಪುಸ್ತಕಕ್ಕೆ ಯಾರಾದ್ರೂ ರಿವ್ಯೂ ಬರೀತಾರಾ ಅಂತ ನನ್ನ ತಂಗಿ ನಕ್ಕಳು. ಮೊಬೈಲ್ ಕವರಿಗೆ ಬರೆಯಬಹುದು, ಕುಕ್ಕರ್ ಗ್ಯಾಸ್ಕೆಟ್ಟಿಗೆ ಬರೆಯಬಹುದು, ಲಕ್ಷಾಂತರ ಮಕ್ಕಳು ವರ್ಷವಿಡೀ ಬ್ಯಾಗಲ್ಲಿ ಹೊತ್ತು ತಿರುಗುವ ಪುಸ್ತಕಕ್ಕೆ ಮಾತ್ರ ಬರೆಯಬಾರದು. ಯಾಕೆ?

ಇದು ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕದ ಮಾತು. ಕನ್ನಡ ಮೀಡಿಯಂ ಮಕ್ಕಳು ಓದುವುದು. ಪ್ರಥಮ ಭಾಷೆ ಇಂಗ್ಲಿಷಿನದು ಬೇರೆ ಪುಸ್ತಕ, ಸಿಬಿಎಸ್‌ಇಯದು ಇನ್ನೂ ಬೇರೆ, ಅವೆರಡರ ಗೊಡವೆಗೆ ಹೋಗುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಪುಸ್ತಕ ಉಚಿತ. ಉಳಿದವರು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಿಂದ ಪಿಡಿಎಫ್ ಇಳಿಸಿಕೊಳ್ಳಬಹುದು, ಕಾಸು ಕೊಡಬೇಕಿಲ್ಲ. ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಈ ಪುಸ್ತಕ ಹಿಡಿದು ಏಳೆಂಟು ವರ್ಷ ಆಯಿತು. ಪಾಠ ಮಾಡುತ್ತಾ ಮಾಡುತ್ತಾ ಕೆಲವು ಪುಟ ಬಾಯಿಪಾಠವೇ ಆಗಿಬಿಟ್ಟಿವೆ. ಇಷ್ಟು ದಿನ ಬಳಸಿದ ಮೇಲೂ ಬೇಜಾರು ಬಂದಿಲ್ಲ ಅನ್ನುವುದೇ ಅದರ ಪರವಾಗಿ ಹೇಳಬಹುದಾದ ಮೊದಲ ಮಾತು.

ಮೊದಲ ಪಾಠವೇ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’. ಆರಿಸಿದವರಿಗೆ ಒಂದು ನಮಸ್ಕಾರ. ಹುಲಿಯ ಜೊತೆ ಹೋರಾಡಿದ ಒಬ್ಬ ಹಳ್ಳಿ ಹುಡುಗನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದುತ್ತಾನೆ. ಧೈರ್ಯ ಇದ್ದರೆ ಸಾಕು, ವಯಸ್ಸು ಶಕ್ತಿ ಎಲ್ಲ ಲೆಕ್ಕಕ್ಕಿಲ್ಲ ಅನ್ನುತ್ತಾನೆ. ಮಗ ಸ್ವಾಮಿ ಒಪ್ಪುವುದಿಲ್ಲ. ಹಾಗಾದರೆ ಇವತ್ತು ರಾತ್ರಿ ನನ್ನ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅಂತ ಅಪ್ಪನ ಸವಾಲು. ಅಜ್ಜಿಯ ಪಕ್ಕ ಮಲಗಿ ಅಭ್ಯಾಸ ಆದ ಹುಡುಗ ಅವನು. ಇಲ್ಲಿಂದ ಮುಂದೆ ನಾರಾಯಣ್ ಏನು ಮಾಡುತ್ತಾರೆ ನೋಡಿ. ಸ್ವಾಮಿಗೆ ಭಯವಾಯಿತು, ಬಹಳ ಭಯವಾಯಿತು ಅಂತ ಪುಟ ತುಂಬಿಸುವುದಿಲ್ಲ. ಹುಡುಗನ ಕೈಯಲ್ಲಿ ನೆಪ ಹೇಳಿಸುತ್ತಾರೆ. ಬರುವ ತಿಂಗಳು ಒಂದನೇ ತಾರೀಖಿನಿಂದ ಮಲಗುತ್ತೇನೆ ಅನ್ನುತ್ತಾನೆ. ಅದು ನಡೆಯಲಿಲ್ಲ. ನಿಮ್ಮ ರೂಮಲ್ಲಿ ಧೂಳು, ಕಾನೂನು ಪುಸ್ತಕದ ಹಿಂದೆ ಚೇಳು ಇರಬಹುದು ಅನ್ನುತ್ತಾನೆ. ಅದೂ ನಡೆಯಲಿಲ್ಲ. ದೀಪ ಹಚ್ಚಿಟ್ಟುಕೊಳ್ಳಲಾ, ಬಾಗಿಲನ್ನಾದರೂ ತೆರೆದಿಡುತ್ತೀರಾ ಅಂತ ಕೇಳುತ್ತಾನೆ. ನೆಪ ಒಂದೊಂದೇ ಸಣ್ಣದಾಗುತ್ತಾ ಬರುತ್ತದೆ. ಆ ಚೇಳಿನ ಮಾತಿಗೆ ನಮ್ಮ ಕ್ಲಾಸಲ್ಲಿ ಪ್ರತಿ ವರ್ಷ ನಗು ಬಂದೇ ಬರುತ್ತದೆ. ಯಾಕೆಂದರೆ ಅದು ಅವರೆಲ್ಲ ಹೇಳಿರುವ ನೆಪವೇ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ನಾರಾಯಣ್ ಕಥೆಗಳನ್ನಿಟ್ಟುಕೊಂಡು ಶಂಕರ್ ನಾಗ್ ಎಂಬತ್ತರ ದಶಕದಲ್ಲಿ ದೂರದರ್ಶನಕ್ಕೆ ಮಾಡಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಬಹುಪಾಲು ಶೂಟಿಂಗ್ ಆಗಿದ್ದು ಆಗುಂಬೆಯಲ್ಲಿ. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ಅಪ್ಪ. ಮೊಬೈಲಲ್ಲಿ ತೋರಿಸಿದರೆ ಮಕ್ಕಳು ಕಥೆ ಬಿಟ್ಟು, ‘ಮೇಡಂ ಇದು ನಮ್ ಆಗುಂಬೆ, ಇದು ದೊಡ್ಡಮನೆ’ ಅಂತ ಜಾಗ ಗುರುತಿಸಲು ಶುರು ಮಾಡುತ್ತವೆ. ಅದಕ್ಕೇ ನಾನು ಪಾಠ ಮುಗಿದ ಮೇಲೆ ಮಾತ್ರ ತೋರಿಸುತ್ತೇನೆ.

ಇಷ್ಟು ಒಳ್ಳೆಯ ಪಾಠ ಕೊಟ್ಟು, ಕೆಳಗೆ ಪ್ರಶ್ನೆ ಎಂಥವು ಅಂದರೆ, ಪೇಪರಿನಲ್ಲಿ ಏನು ಸುದ್ದಿ ಇತ್ತು, ಸ್ವಾಮಿ ಎಲ್ಲಿ ಮಲಗುತ್ತಿದ್ದ, ಕಳ್ಳನನ್ನು ಹೇಗೆ ಹಿಡಿದ. ಉತ್ತರ ಪಾಠದೊಳಗೇ ಇರುತ್ತದೆ. ಹುಡುಕಿ, ಸಾಲು ಎತ್ತಿ ನೋಟ್ಸಿಗೆ ಹಾಕುವುದು ಅಷ್ಟೇ. ಮಧ್ಯೆ ಯೋಚಿಸುವಂಥ ಪ್ರಶ್ನೆಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಕಥೆಯನ್ನು ಹೀಗೆ ಕಟ್ಟಿದ್ದು ಯಾಕೆ, ನೀನಾಗಿದ್ದರೆ ಎಲ್ಲಿಂದ ಶುರು ಮಾಡುತ್ತಿದ್ದೆ ಅಂತ ಕೇಳುವ ಪ್ರಶ್ನೆ ನನಗೆ ಬೇಕಾದಷ್ಟು ಸಿಗಲಿಲ್ಲ. ಅಡುಗೆ ಕಲಿಸುತ್ತೇನೆ ಅಂತ ಕರೆದು, ಊಟ ಬಡಿಸಿ, ಎಷ್ಟು ಪದಾರ್ಥ ಇತ್ತು ಎಣಿಸು ಅಂದ ಹಾಗೆ.

ಆಮೇಲೆ ಪರೀಕ್ಷೆ. 80 ಅಂಕದ ಪೇಪರಿನಲ್ಲಿ ಕಥೆ ಬರೆಯುವುದಕ್ಕೆ ಇರುವುದು 3 ಅಂಕ, ಅದೂ ಸುಳಿವು ಕೊಟ್ಟು. ಬಡ ರೈತ, ಕೋಳಿ, ದಿನಕ್ಕೊಂದು ಚಿನ್ನದ ಮೊಟ್ಟೆ, ದುರಾಸೆ, ಹೊಟ್ಟೆ ಸೀಳಿದ, ಏನೂ ಇರಲಿಲ್ಲ. ಈ ಥರ. ಮಧ್ಯದ ಅಡ್ಡಗೆರೆ ಇದ್ದಲ್ಲೆಲ್ಲ ‘ವಾಸ್’, ‘ಹ್ಯಾಡ್’, ‘ದೆನ್’ ಸೇರಿಸಿದರೆ ಕಥೆ ಆಯಿತು. ‘ಒನ್ಸ್ ಅಪಾನ್ ಎ ಟೈಮ್ ದೇರ್ ಲಿವ್ಡ್ ಎ ಫಾರ್ಮರ್’ ಅಂತ ಇಡೀ ಕ್ಲಾಸು ಒಂದೇ ಸಾಲಿನಿಂದ ಶುರು ಮಾಡುತ್ತದೆ. ಪಾಸಾಗುವುದೇ ಕಷ್ಟ ಇರುವ ಮಗುವಿಗೆ ಇದು ದೊಡ್ಡ ಆಸರೆ. ಅದು ನನಗೂ ಗೊತ್ತು, ಫೆಬ್ರವರಿಯಲ್ಲಿ ಎಕ್ಸ್‌ಟ್ರಾ ಕ್ಲಾಸ್ ಇಟ್ಟು ನಾನೇ ಅದನ್ನು ಅಭ್ಯಾಸ ಮಾಡಿಸುತ್ತೇನೆ. ಆದರೆ ಅದನ್ನು ಕಥೆ ಬರೆಯುವುದು ಅನ್ನಬೇಡಿ. ಅದು ಬಿಟ್ಟ ಸ್ಥಳ ತುಂಬುವುದು, ಸ್ವಲ್ಪ ಉದ್ದಕ್ಕೆ.

ಹಾಗಾಗಿ ನಾನು ಜೂನ್, ಜುಲೈಯಲ್ಲಿ ಪ್ರಶ್ನೆಗಳನ್ನು ಬದಿಗಿಟ್ಟು ಪಾಠವನ್ನೇ ಗುರು ಮಾಡಿಕೊಳ್ಳುತ್ತೇನೆ. ‘ಎ ಹೀರೋ’ ಮುಗಿದ ಮೇಲೆ ಒಂದು ಕೆಲಸ ಕೊಡುತ್ತೇನೆ. ರಾತ್ರಿ ಒಬ್ಬರೇ ಹೋಗಬೇಕಾಗಿ ಬಂದ ಒಂದು ಜಾಗದ ಬಗ್ಗೆ ಬರೆಯಿರಿ, ‘ಅಫ್ರೇಡ್’, ‘ಫಿಯರ್’ ಎರಡೂ ಪದ ಬರಕೂಡದು. ಮೊದಲು ಕನ್ನಡದಲ್ಲಿ ಬಾಯಲ್ಲಿ ಹೇಳಬೇಕು, ಆಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕು. ಗೊತ್ತಿಲ್ಲದ ಪದ ಕನ್ನಡದಲ್ಲೇ ಇರಲಿ, ಪರವಾಗಿಲ್ಲ. ಒಬ್ಬಳು ಹುಡುಗಿ ಕರೆಂಟು ಹೋದಾಗ ಕೊಟ್ಟಿಗೆಗೆ ಹೋಗಿ ಬಂದದ್ದನ್ನು ಬರೆದಳು. ಮನೆಯಿಂದ ಕೊಟ್ಟಿಗೆಗೆ ಹೋಗುವಾಗ 23 ಹೆಜ್ಜೆ, ಬರುವಾಗ 9. ಅಷ್ಟೇ ಬರೆದಿದ್ದಳು, ಓಡಿ ಬಂದೆ ಅಂತ ಕೂಡ ಇರಲಿಲ್ಲ. ನಾನು ಇಂಗ್ಲಿಷ್ ಎಂ.ಎ. ಮಾಡಿದವಳು, ಆ ಸಾಲು ನನಗೆ ಹೊಳೆಯುತ್ತಿರಲಿಲ್ಲ.

ಇನ್ನೊಂದು ಕೆಲಸ, ಅದೇ ಕಥೆಯನ್ನು ಕಳ್ಳನ ಬಾಯಲ್ಲಿ ಹೇಳುವುದು. ಪಾಠದಲ್ಲಿ ಸ್ವಾಮಿ ಕತ್ತಲಲ್ಲಿ ಏನೋ ಅಲ್ಲಾಡಿದ್ದನ್ನು ಕಂಡು, ದೆವ್ವವೇ ಬಂತು ಅಂದುಕೊಂಡು ಅದರ ಕಾಲು ಹಿಡಿದು ಕಚ್ಚುತ್ತಾನೆ. ಸಿಕ್ಕಿಬಿದ್ದದ್ದು ಜಿಲ್ಲೆಗೇ ಹೆಸರಾದ ಕಳ್ಳ. ಮಾತೇ ಆಡದ ಒಬ್ಬ ಹಿಂದಿನ ಬೆಂಚಿನ ಹುಡುಗ ನಾಲ್ಕೇ ಸಾಲು ಬರೆದ. ‘ಐ ಸಾ ದಿ ಹೌಸ್. ದೇರ್ ವಾಸ್ ನೋ ಡಾಗ್. ಇನ್‌ಸೈಡ್ ಎ ಡಾಗ್ ಬಿಟ್ ಮೈ ಲೆಗ್. ಇಟ್ ವಾಸ್ ಎ ಬಾಯ್.’ ಓದಿ ಹೇಳಿದಾಗ ಕ್ಲಾಸು ಎದ್ದು ಕುಣಿಯಿತು. ಪಕ್ಕದ ಕ್ಲಾಸಿನ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದು ನೋಡಿಹೋದರು. ದೃಷ್ಟಿಕೋನ, ನಿರೂಪಕ ಅಂತೆಲ್ಲ ನಾನು ಬೋರ್ಡಿನ ಮೇಲೆ ಬರೆದು ಅರ್ಧ ಗಂಟೆ ಕೊರೆದಿದ್ದರೂ ಇದು ಅವರ ತಲೆಗೆ ಇಳಿಯುತ್ತಿರಲಿಲ್ಲ.

ಪುಸ್ತಕದ ಉಳಿದ ಪಾಠಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ‘ಜೆಂಟಲ್‌ಮನ್ ಆಫ್ ರಿಯೋ ಎನ್ ಮೆಡಿಯೋ’. ಬರೆದವರು ಹುವಾನ್ ಸೆಡಿಯೋ. ಆ ‘ಹುವಾನ್’ ಹೇಳಿಕೊಡುವಷ್ಟರಲ್ಲಿ ಒಂದು ಪಿರಿಯಡ್ ಹೋಗುತ್ತದೆ, ಇರಲಿ. ಅಮೆರಿಕದ ನ್ಯೂ ಮೆಕ್ಸಿಕೋದ ಒಂದು ಹಳ್ಳಿ. ಡಾನ್ ಅನ್ಸೆಲ್ಮೋ ಅನ್ನುವ ಮುದುಕ ತನ್ನ ಮನೆ, ಜಮೀನು ಮಾರಲು ಒಪ್ಪಿದ್ದಾನೆ, 1200 ಡಾಲರಿಗೆ. ಅಳತೆ ಮಾಡಿದರೆ ಜಮೀನು ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ. ಹೆಚ್ಚಿಗೆ ದುಡ್ಡು ಕೊಡುತ್ತೇವೆ ಅಂದರೆ ಮುದುಕನಿಗೆ ಬೇಜಾರು. ಒಪ್ಪಿದ ಬೆಲೆ ಒಪ್ಪಿದ ಬೆಲೆ ಅನ್ನುತ್ತಾನೆ. ಮಾರಿದ ಮೇಲೆ ನೋಡಿದರೆ ಊರಿನ ಮಕ್ಕಳೆಲ್ಲ ದಿನಾ ಬಂದು ಆ ತೋಟದಲ್ಲೇ ಆಡುತ್ತಿವೆ. ಕೊಂಡವರು ಬಂದು ಕೇಳಿದರೆ, ‘ನಾನು ಮಾರಿದ್ದು ಜಮೀನು, ಮರ ಅಲ್ಲ’ ಅನ್ನುತ್ತಾನೆ. ಊರಿನಲ್ಲಿ ಮಗು ಹುಟ್ಟಿದಾಗಲೆಲ್ಲ ಅದರ ಹೆಸರಿಗೆ ಒಂದು ಮರ ನೆಟ್ಟಿದ್ದಾನೆ, ಮರಗಳು ಆ ಮಕ್ಕಳವು, ತನ್ನದಲ್ಲದ್ದನ್ನು ಮಾರುವುದು ಹೇಗೆ?

ಈ ಪಾಠ ಮಾಡುವಾಗ ನಾನು ಆ ಮಾತಿನ ಹತ್ತಿರ ಪುಸ್ತಕ ಮುಚ್ಚಿಸಿಬಿಡುತ್ತೇನೆ. ಮುಂದೇನು, ನೀವೇ ಹೇಳಿ. ಅಡಿಕೆ ತೋಟದ ಮಕ್ಕಳ ಹತ್ತಿರ ಈ ಪ್ರಶ್ನೆ ಕೇಳಬೇಕು! ಖಾತೆ, ಪಹಣಿ, ಸರ್ವೆ ಎಲ್ಲ ಬಂತು. ‘ಭೂಮಿ ಕೊಟ್ಟಮೇಲೆ ಮರದ ಹಕ್ಕೂ ಹೋಯ್ತು ಮೇಡಂ’ ಅಂತ ಅರ್ಧ ಕ್ಲಾಸು. ‘ಮಕ್ಕಳ ಹೆಸರಿಗೆ ನೆಟ್ಟಿದ್ದು ಅಲ್ವಾ, ಅದ್ಹೇಗೆ ಹೋಗುತ್ತೆ’ ಅಂತ ಇನ್ನರ್ಧ. ಕಾನೂನಿನ ಪ್ರಕಾರ ಮರಗಳು ಕೊಂಡವರವೇ, ಮುದುಕನಿಗೂ ಅದು ಗೊತ್ತು ಅಂತ ಕಥೆಯೇ ಹೇಳುತ್ತದೆ. ಆದರೂ ಕೊಂಡವರು ಏನು ಮಾಡಿದರು ಅಂದರೆ, ಒಂದೊಂದೇ ಮರವನ್ನು ಆಯಾ ಮಗುವಿನ ಮನೆಯವರಿಂದ ಮತ್ತೆ ಕೊಂಡರು. ಚಳಿಗಾಲದ ಬಹುಪಾಲು ಅದಕ್ಕೇ ಬೇಕಾಯಿತು. ಅಲ್ಲಿಗೆ ಕಥೆ ಮುಗಿಯಿತು, ಉಪದೇಶ ಇಲ್ಲ. ನಮ್ಮ ಮಕ್ಕಳಿಗೆ ಎಲ್ಲ ಕಥೆಯ ಕೊನೆಗೂ ‘ಮಾರಲ್’ ಬರೆದು ಅಭ್ಯಾಸ, ಇದಕ್ಕೆ ಏನು ಬರೆಯಬೇಕು ಅಂತ ಗೊತ್ತಾಗದೆ ಪೆನ್ನು ಕಚ್ಚುತ್ತಾ ಕೂತವು. ನನಗೆ ಒಳಗೊಳಗೇ ಖುಷಿ.

ಆ ಮುದುಕ ಆಫೀಸಿಗೆ ಬರುವ ದಿನದ ವರ್ಣನೆ ನೋಡಿ. ಹಸಿರು ಬಣ್ಣದ ಕೋಟು, ಹಳೆಯದು, ಮಾಸಿದ್ದು. ಕೈಗೆ ಗವಸು, ಆದರೆ ಹರಿದು ಬೆರಳ ತುದಿ ಕಾಣುತ್ತಿದೆ. ಊರುಗೋಲು ಅಂತ ಹಿಡಿದಿರುವುದು ಬಟ್ಟೆ ಹೋಗಿ ಅಸ್ಥಿಪಂಜರ ಮಾತ್ರ ಉಳಿದ ಒಂದು ಕೊಡೆ. ಈ ಮನುಷ್ಯ ಬಡವ, ಆದರೆ ಅವನ ಗತ್ತು ಬಡವಾಗಿಲ್ಲ ಅಂತ ಬಿಡಿಸಿ ಹೇಳುವುದಕ್ಕಿಂತ ಆ ಕೊಡೆ ಸಾಕು. ಮಳೆಗಾಲದಲ್ಲಿ ಈ ಪಾಠ ಬಂದರೆ ಇನ್ನೂ ಚೆನ್ನ, ಕ್ಲಾಸಿನ ಹೊರಗೆ ಕೊಡೆಗಳ ಸಾಲೇ ಇರುತ್ತದೆ. ಅದರಲ್ಲಿ ಒಂದನ್ನು ತಂದು ಮೇಜಿನ ಮೇಲಿಟ್ಟು, ಇದರ ಯಜಮಾನ ಯಾರು ಅಂತ ಹೇಳದೆ ಆ ಯಜಮಾನನ ಬಗ್ಗೆ ಐದು ಸಾಲು ಬರೆಯಿರಿ ಅಂದರೆ ಮಕ್ಕಳು ಮುಗಿಬೀಳುತ್ತಾರೆ.

ಇದೇ ಥರದ ಸಣ್ಣ ವಿವರ ಪದ್ಯದಲ್ಲೂ ಇದೆ. ‘ಜಾಝ್ ಪೊಯೆಮ್ ಟೂ’ನಲ್ಲಿ ಸ್ಯಾಕ್ಸೋಫೋನ್ ತೂಗಿಕೊಂಡ ಒಬ್ಬ ಮುದುಕ, ಸವೆದ ಶೂ ಒಳಗೆ ಕಾಗದ ತುರುಕಿಕೊಂಡಿದ್ದಾನೆ. ನುಡಿಸಲು ಶುರು ಮಾಡಿದರೆ ಆತ ಹಕ್ಕಿ. ಜಾಝ್ ಅಂದರೆ ಏನು ಅಂತ ಮಕ್ಕಳಿಗೆ ಗೊತ್ತಿಲ್ಲ, ನನಗೂ ಅಷ್ಟಕ್ಕಷ್ಟೇ. ನಾನು ಮೊಬೈಲಲ್ಲಿ ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಹಾಕುತ್ತೇನೆ. ಘಟ್ಟದ ಕೆಳಗಿನವರು, ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದವರು. ಅದು ಜಾಝ್ ಅಲ್ಲ, ಸರಿ. ಆದರೆ ಉಸಿರು ತುಂಬಿದ ಹಿತ್ತಾಳೆ ಹೇಗೆ ಹಾಡುತ್ತದೆ ಅಂತ ಗೊತ್ತಾದರೆ ಪದ್ಯ ಅರ್ಧ ಅರ್ಥವಾದಂತೆ. ರಸ್ಕಿನ್ ಬಾಂಡ್ ಅವರ ಮರ ಹತ್ತುವ ಅಜ್ಜಿಗೆ ಇಷ್ಟು ಕಷ್ಟವೂ ಬೇಡ. 62ರ ವಯಸ್ಸಿನಲ್ಲಿ ಮರ ಹತ್ತಿ ಇಳಿಯಲಾಗದೆ ಸಿಕ್ಕಿಕೊಂಡ ಅಜ್ಜಿಯನ್ನು ಯಾವ ಮಗು ಇಷ್ಟಪಡುವುದಿಲ್ಲ?

ಎಲ್ಲವೂ ಹೀಗಿಲ್ಲ. ಶೇಕ್ಸ್‌ಪಿಯರನ ‘ಕ್ವಾಲಿಟಿ ಆಫ್ ಮರ್ಸಿ’ ನಾಟಕದಿಂದ ಕಿತ್ತು ತಂದ ಒಂದು ಮಾತು. ಪೋರ್ಷಿಯಾ ಯಾರು, ಎದುರಿಗೆ ಶೈಲಾಕ್ ಯಾಕೆ ನಿಂತಿದ್ದಾನೆ, ಅವನು ಮಾಂಸದ ತುಂಡು ಕೇಳುತ್ತಿರುವುದು ಯಾಕೆ ಅಂತ ನಾವೇ ಕಥೆ ಕಟ್ಟಿ ಹೇಳದಿದ್ದರೆ ಅದು ಸುಮ್ನೆ ಬಾಯಿಪಾಠದ ಸರಕು. ಕೊಲಂಬಸ್ಸಿನ ನಾಟಕ ‘ಡಿಸ್ಕವರಿ’ಯಲ್ಲಿ ಮಾತು ಉದ್ದ. ಪಾತ್ರ ಹಂಚಿ ಓದಿಸಿದರೆ ಕೊಲಂಬಸ್ ಆದವನಿಗೇ ಮೊದಲು ಸುಸ್ತಾಗುತ್ತದೆ. ವಿಜ್ಞಾನದ ಪಾಠವಂತೂ ವಿಜ್ಞಾನದ ಮೇಷ್ಟ್ರಿಗೆ ಬಿಟ್ಟುಕೊಡೋಣ ಅನ್ನಿಸುವಷ್ಟು ಭಾರ. ‘ದಿ ಕನ್ಸರ್ಟ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಯಿಲೆಯ ಹುಡುಗ, ಸಿತಾರ್, ರವಿಶಂಕರ್. ಓದಿದಾಗ ಕ್ಲಾಸು ಮೌನವಾಗುತ್ತದೆ, ಆ ಮೌನವನ್ನು ಪ್ರಶ್ನೆ ಕೇಳಿ ಕೆಡಿಸಲು ನನಗೆ ಮನಸ್ಸಾಗುವುದಿಲ್ಲ.

ಪೂರಕ ಓದಿನಲ್ಲಿ ಶಶಿ ದೇಶಪಾಂಡೆ ಅವರ ‘ನಾರಾಯಣಪುರ್ ಇನ್ಸಿಡೆಂಟ್’ ಇದೆ, ಕ್ವಿಟ್ ಇಂಡಿಯಾ ದಿನಗಳದ್ದು. ಈಕೆ ಧಾರವಾಡದಲ್ಲಿ ಹುಟ್ಟಿದವರು, ನಾಟಕಕಾರ ಶ್ರೀರಂಗರ ಮಗಳು ಅಂದರೆ ಮಕ್ಕಳು ‘ಹೌದಾ?’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರು ದೂರದಲ್ಲೆಲ್ಲೋ ಇರುತ್ತಾರೆ ಅಂದುಕೊಂಡವರಿಗೆ ಅದೊಂದು ಸುದ್ದಿ. ನಾರಾಯಣ್ ಮೈಸೂರಿನಲ್ಲಿ ಕೂತು ಬರೆದರು, ‘ಸಾಂಗ್ ಆಫ್ ಇಂಡಿಯಾ’ ಬರೆದ ವಿ.ಕೃ. ಗೋಕಾಕರಂತೂ ನಮ್ಮ ಜ್ಞಾನಪೀಠದವರೇ. ಪುಸ್ತಕ ಇದನ್ನು ಇನ್ನಷ್ಟು ಎತ್ತಿ ಹೇಳಬಹುದಿತ್ತು.

ಇನ್ನು ಗೈಡು. ಹೆಸರು ಬೇಡ, ಪೇಟೆಯಲ್ಲಿ ಸಿಗುವವು ಹೆಚ್ಚು ಕಮ್ಮಿ ಒಂದೇ. ಪುಸ್ತಕ ಪುಕ್ಕಟೆ, ಗೈಡಿಗೆ ಮಾತ್ರ ದುಡ್ಡು, ಆದರೂ ಅರ್ಧಕ್ಕರ್ಧ ಮಕ್ಕಳ ಬ್ಯಾಗಲ್ಲಿ ಅದೇ ಮೊದಲು ಸಿಗುತ್ತದೆ. ಅನ್ಸೆಲ್ಮೋನ ಇಡೀ ಕಥೆಯನ್ನು ಅದು ಹತ್ತು ಸಾಲಿಗೆ ಇಳಿಸಿದೆ. ಅವನು ಬಡವ, ಪ್ರಾಮಾಣಿಕ, ಮಕ್ಕಳನ್ನು ಪ್ರೀತಿಸುತ್ತಿದ್ದ. ತಪ್ಪು ಅಂತ ಹೇಳಲು ಒಂದು ಪದವೂ ಇಲ್ಲ. ಅದನ್ನು ಓದಿ ಬರೆದರೆ ಅಂಕವೂ ಬರುತ್ತದೆ.

ನನ್ನ ಲೆಕ್ಕದಲ್ಲಿ ಪಾಠಗಳ ಆಯ್ಕೆಗೆ ಐದಕ್ಕೆ ನಾಲ್ಕೂವರೆ, ಕೆಳಗಿನ ಅಭ್ಯಾಸಕ್ಕೆ ಎರಡು. ಹೊಸದಾಗಿ ಈ ಪುಸ್ತಕ ಕೈಗೆ ಬಂದ ಮೇಷ್ಟ್ರುಗಳು ಪಾಠದ ಕೊನೆಯಿಂದ ಶುರು ಮಾಡಬೇಡಿ. ಮನೆಯಲ್ಲಿ ಓದಿಸುವ ಅಪ್ಪ ಅಮ್ಮಂದಿರು ಮೊದಲು ಕಥೆಯನ್ನು ಗಟ್ಟಿಯಾಗಿ ಒಮ್ಮೆ ಓದಿ, ಇಂಗ್ಲಿಷ್ ಬರದಿದ್ದರೆ ಮಗುವಿನ ಕೈಯಲ್ಲೇ ಕನ್ನಡದಲ್ಲಿ ಹೇಳಿಸಿ ಕೇಳಿ.

ಹೋದ ವರ್ಷ ಪ್ರಿಪರೇಟರಿಗೆ ಒಂದು ವಾರ ಇರುವಾಗ, ಆ 23 ಹೆಜ್ಜೆಯ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಗೈಡು. ‘ಮೇಡಂ, ಗೈಡಲ್ಲಿ ಆ ಕೊಡೆ ಇಲ್ಲ. ಎಕ್ಸಾಮಲ್ಲಿ ಬರೀಬೇಕಾ, ಬೇಡ್ವಾ?’ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ‘ಮೊದಲು ಪಾಯಿಂಟ್ಸ್ ಬರಿ. ಟೈಮ್ ಉಳಿದರೆ ಕೊಡೆ ಬರಿ’ ಅಂದೆ.