ಕಾಂತಿಯೋಂ ಗೂಜ್: ಗಾಳಿಯಿಂದ ಹುಳಿ ಬರುವ ಬಿಯರ್

ಬ್ರಸೆಲ್ಸ್‌ಗೆ ಹೊರಟವರು ಯಾರಾದರೂ ಸಿಕ್ಕರೆ, ಕಾಂತಿಯೋಂ ಎಂಬ ಬಿಯರ್ ತಯಾರಿಸುವ ಬ್ರೂವರಿಗೆ ಹೋಗಿ ಬನ್ನಿ ಎಂದು ನಾನು ತಪ್ಪದೆ ಹೇಳುತ್ತೇನೆ. ಮಿಡಿ ರೈಲು ನಿಲ್ದಾಣದಿಂದ ನಡೆದುಕೊಂಡೇ ಹೋಗಬಹುದು. ಆಂಡರ್ಲೆಖ್ಟ್‌ನ ಸಾಧಾರಣ ಬೀದಿಯೊಂದರಲ್ಲಿದೆ. ಹೊರಗಿನಿಂದ ನೋಡಿದರೆ ಹಳೇ ಗೋದಾಮು, ಅಷ್ಟೇ. 1900ರಲ್ಲಿ ಶುರುವಾದ ಈ ಬ್ರೂವರಿ 1978ರಿಂದ ಮ್ಯೂಸಿಯಂ ಕೂಡ ಹೌದು. ಆದರೆ ಇಲ್ಲಿ ಯಾವುದೂ ಸುಮ್ನೆ ಪ್ರದರ್ಶನಕ್ಕೆ ಇಟ್ಟಿದ್ದಲ್ಲ, ಎಲ್ಲವೂ ಈಗಲೂ ಕೆಲಸ ಮಾಡುತ್ತಿದೆ.

ನನಗೆ ತುಂಬಾ ಇಷ್ಟವಾದ ಜಾಗ ಅಟ್ಟ. ಅಲ್ಲಿ ತಾಮ್ರದ ಅಗಲವಾದ, ಆಳವಿಲ್ಲದ ತೊಟ್ಟಿಯೊಂದಿದೆ. ಕುದಿಸಿದ ಧಾನ್ಯದ ರಸವನ್ನು ಇದಕ್ಕೆ ಹರಿಸಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಹೊರಗಿನ ಗಾಳಿ ಬರುತ್ತದೆ, ಗಾಳಿಯ ಜೊತೆ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಬರುತ್ತವೆ. ಕೈಯಿಂದ ಯಾರೂ ಯೀಸ್ಟ್ ಹಾಕುವುದಿಲ್ಲ. ರಾತ್ರಿ ತಂಪಾಗಿರಬೇಕು, ಹಾಗಾಗಿ ಚಳಿಯ ತಿಂಗಳುಗಳಲ್ಲಿ ಮಾತ್ರ ಈ ಕೆಲಸ. ಬೇಸಿಗೆಯಲ್ಲಿ ಬೇಡದ ಸೂಕ್ಷ್ಮಜೀವಿಗಳು ಜಾಸ್ತಿ. ಮೂಲೆಗಳಲ್ಲಿ ಜೇಡರ ಬಲೆ ಕಂಡರೆ ಮುಖ ಸಿಂಡರಿಸಬೇಡಿ. ಹುಳಹುಪ್ಪಟೆಯನ್ನು ಜೇಡ ಹಿಡಿಯುತ್ತದೆ ಎಂದು ಬೇಕಂತಲೇ ಬಿಟ್ಟಿದ್ದಾರೆ.

ಹಾಕುವುದು ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಮೊಳಕೆ ಬರಿಸದ ಗೋಧಿ, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವು, ನೀರು. ಹಾಪ್ಸ್ ಮಾತ್ರ ಹೊಸದಲ್ಲ, ವರ್ಷಗಟ್ಟಲೆ ಇಟ್ಟು ಹಳತಾಗಿಸಿದ್ದು. ಹಳತಾದಷ್ಟೂ ಕಹಿ ಇಳಿಯುತ್ತದೆ, ಬಿಯರ್ ಕೆಡದಂತೆ ಕಾಯುವ ಗುಣ ಉಳಿಯುತ್ತದೆ. ಪೀಪಾಯಿಯಲ್ಲಿ ಮೂರು ವರ್ಷದವರೆಗೂ ಕೂರಬೇಕಾದ ಬಿಯರ್‌ಗೆ ಇಂಥ ಕಾವಲು ಬೇಕೇ ಬೇಕಲ್ವಾ?

ಕೆಳಗೆ ಸಾಲು ಸಾಲು ಮರದ ಪೀಪಾಯಿಗಳು. ಅಲ್ಲಿನ ವಾಸನೆಯಲ್ಲಿ ಒದ್ದೆ ಮರ, ಹುಳಿ, ಹಣ್ಣು ಎಲ್ಲ ಬೆರೆತಿರುತ್ತದೆ. ಹೊಸದಾಗಿ ತುಂಬಿದ ಪೀಪಾಯಿಯ ಬಾಯಿಂದ ನೊರೆ ಉಕ್ಕಿ ಪಕ್ಕಕ್ಕೆ ಇಳಿದಿರುತ್ತದೆ. ಪಕ್ಕದಲ್ಲಿ ನಿಂತು ನೋಡಿ.

ಇನ್ನು ರುಚಿ. ಹೀಗೆ ಗಾಳಿಯ ಯೀಸ್ಟ್‌ನಿಂದಲೇ ಹುಳಿತ ಬಿಯರ್‌ಗೆ ಲ್ಯಾಂಬಿಕ್ ಎನ್ನುತ್ತಾರೆ. ಮೊದಲು ಬೆರಕೆ ಮಾಡದ ಲ್ಯಾಂಬಿಕ್ ಕುಡಿಯಿರಿ. ಅದರಲ್ಲಿ ಗ್ಯಾಸ್ ಇಲ್ಲವೇ ಇಲ್ಲ ಎನ್ನಬಹುದು, ಮರದ ಸಂದಿಯಿಂದ ಎಲ್ಲ ಹೋಗಿಬಿಟ್ಟಿರುತ್ತದೆ. ಬಿಯರ್ ಅಂದರೆ ನೊರೆ ಎಂದುಕೊಂಡವರಿಗೆ ವಿಚಿತ್ರ ಅನ್ನಿಸಬಹುದು. ಆದರೂ ಇದನ್ನು ಬಿಡಬೇಡಿ. ಇದರ ರುಚಿ ನಾಲಿಗೆಗೆ ಗೊತ್ತಿದ್ದರೆ, ಮುಂದೆ ಬರುವ ಗೂಜ್‌ನಲ್ಲಿ ಏನಾಗಿದೆ ಎಂದು ತಾನಾಗೇ ತಿಳಿಯುತ್ತದೆ.

ಗೂಜ್ ಅಂದರೆ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳ ಬೆರಕೆ. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುಳಿತು ಗುಳ್ಳೆ ಕೊಡುತ್ತದೆ. ಹಳೆಯದು ಪರಿಮಳ ಕೊಡುತ್ತದೆ. ಪ್ರತಿ ಪೀಪಾಯಿಯ ರುಚಿಯೂ ಬೇರೆ, ಹಾಗಾಗಿ ಯಾವುದಕ್ಕೆ ಯಾವುದು ಎಂದು ಕುಡಿದು ನೋಡಿಯೇ ತೀರ್ಮಾನಿಸಬೇಕು. ಬ್ರೂವರಿಯ ನಿಜವಾದ ಕೈಗುಣ ಇರುವುದು ಇಲ್ಲೇ ಅನ್ನುತ್ತೇನೆ ನಾನು.

ಬಣ್ಣ ಮಸುಕಾದ ಬಂಗಾರ. ಮೂಗಿಗೆ ನಿಂಬೆ ಸಿಪ್ಪೆ, ಒಣಹುಲ್ಲು, ಸ್ವಲ್ಪ ಲಾಯದ ವಾಸನೆ. ಆ ಕೊನೆಯದು ಬ್ರೆಟನೊಮೈಸಿಸ್ ಎಂಬ ಯೀಸ್ಟ್‌ನ ಗುರುತು, ಅದು ದೋಷವಲ್ಲ. ಮೊದಲ ಗುಟುಕು ಚುರುಕಾದ ಹುಳಿ. ಆಮೇಲೆ ನೆಲ್ಲಿಕಾಯಿ ಕಚ್ಚಿದ ಹಾಗೆ ಒಗರು. ಸಿಹಿ ಒಂದು ಚೂರೂ ಇಲ್ಲ. ಎರಡನೇ ಗುಟುಕಿಗೆ ಹುಳಿ ಹಿಂದೆ ಸರಿದು ಸೇಬು, ಮರ ಮುಂದೆ ಬರುತ್ತವೆ. ಕುಡಿದ ಮೇಲೆ ಬಾಯಿ ಹಗುರವಾಗಿ ಇರುತ್ತದೆ, ಜಿಗುಟು ಇರುವುದಿಲ್ಲ. ಆಲ್ಕೋಹಾಲ್ ಸುಮಾರು 5 ಪರ್ಸೆಂಟ್, ಮಾಮೂಲಿ ಬಿಯರ್‌ನಷ್ಟೇ.

ಹುಳಿ ಚೆರ್ರಿ ನೆನೆಸಿದ ಕ್ರೀಕ್ ಕೂಡ ಇದೆ. ಚೆನ್ನಾಗಿದೆ, ಆದರೆ ಹಣ್ಣಿನ ಹೆಸರು ನೋಡಿ ಸಿಹಿ ಇರುತ್ತದೆ ಎಂದುಕೊಳ್ಳಬೇಡಿ. ಸಿಹಿ ಬೆರೆಸಿದ ಹಣ್ಣಿನ ಲ್ಯಾಂಬಿಕ್‌ಗಳು ಬೆಲ್ಜಿಯಂನ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ, ಇದು ಆ ಜಾತಿಯದಲ್ಲ. ಒಂದೇ ಬಾಟಲಿ ತರಲು ಜಾಗ ಇದ್ದರೆ ನಾನು ಗೂಜ್ ಅನ್ನೇ ತರುತ್ತೇನೆ.

ತಂದರೆ ತಂಪಾದ, ಕತ್ತಲಿರುವ ಜಾಗದಲ್ಲಿಡಿ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ರುಚಿ ಬದಲಾಗುತ್ತಾ ಹೋಗುತ್ತದೆ. ಮಂಜಿನಷ್ಟು ತಣ್ಣಗೆ ಮಾಡಬೇಡಿ, ಪರಿಮಳ ಸತ್ತುಹೋಗುತ್ತದೆ. ತೆಗೆಯುವಾಗ ಅಲುಗಾಡಿಸದೆ ನಿಧಾನಕ್ಕೆ ಸುರಿಯಿರಿ, ತಳದ ಗಸಿ ಕೆಳಗೇ ಉಳಿಯಲಿ.